ಶಿವಗಂಗಕ್ಕನ ಕರ್ನಲ್

ನಮ್ಮೂರಲ್ಲಿ ಬಳಸದೆ ಇಟ್ಟ ಸಾಮಾನು ಇಟ್ಟಲ್ಲಿ ಇರುವುದಿಲ್ಲ. ಮೊದಲು ಸಣ್ಣಗೆ ಅದುರುತ್ತದೆ, ಆಮೇಲೆ ಜಾಗ ಬದಲಿಸುತ್ತದೆ, ಕೊನೆಗೆ ಬಾಗಿಲು ತೆರೆದಿರುವುದನ್ನು ನೋಡಿಕೊಂಡು ಹೊರಟುಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಮನೆಯಲ್ಲಿ ಎಷ್ಟು ಜನರೋ ಅಷ್ಟೇ ತಾಟು, ಅಷ್ಟೇ ಕೌದಿ. ಬೀಗರು ಬಂದರೆ ತಮ್ಮ ತಾಟು ತಾವೇ ತರುತ್ತಾರೆ. ಒಂದು ಮದುವೆಯಲ್ಲಿ ಪರ ಊರಿನವರು ಗೊತ್ತಿಲ್ಲದೆ ಗೋಡೆ ಗಡಿಯಾರಗಳನ್ನೇ ಉಡುಗೊರೆ ತಂದು ರಾಶಿ ಹಾಕಿದರು. ಮಾರನೆಯ ಬೆಳಿಗ್ಗೆ ಮದುಮಗಳು ಅರಿಶಿನದ ಕಾಲಲ್ಲೇ ಆ ಗಡಿಯಾರಗಳ ಹಿಂದೆ ಓಡುತ್ತಿದ್ದಳು. ಅವು ಒಂದೊಂದೂ ಒಂದೊಂದು ಟೈಮು ತೋರಿಸುತ್ತಾ ಕೆರೆಯ ಕಡೆ ಹೋದವು.

ನನ್ನ ಹೆಸರು ಫಕೀರಪ್ಪ. ನನ್ನ ಕಸುಬು ಬಳಸುವುದು. ಪರ ಊರಿಗೆ ಹೋಗುವವರು ಮನೆಯ ಕೀಲಿ ನನ್ನ ಕೈಗೆ ಕೊಟ್ಟು ಹೋಗುತ್ತಾರೆ. ನಾನು ಅವರ ಕುರ್ಚಿಗಳ ಮೇಲೆ ಸರದಿಯಂತೆ ಕೂರುತ್ತೇನೆ, ಬೀಸುಕಲ್ಲಿಗೆ ಒಂದು ಹಿಡಿ ಜೋಳ ಹಾಕಿ ತಿರುವುತ್ತೇನೆ, ಹಾರ್ಮೋನಿಯಂ ಇದ್ದರೆ ಅದರ ಒಂದು ಪಟ್ಟಿಯನ್ನೂ ಬಿಡದೆ ಒತ್ತುತ್ತೇನೆ, ತೀರಿಹೋದ ಹಿರಿಯರ ಕನ್ನಡಕ ಏರಿಸಿಕೊಂಡು ಪೇಪರು ಓದುತ್ತೇನೆ. ಅಂಗಿಗಳನ್ನು ತೊಟ್ಟು ಪೇಟೆಗೆ ಹೋಗಿ ಬರುತ್ತೇನೆ. ಇದರಿಂದಾಗಿ ನನ್ನ ಮೈಮೇಲೆ ನನ್ನ ಅಂಗಿ ಎಂದೂ ಇರುವುದಿಲ್ಲ. ಹಿಂದೆ ನನ್ನದೆಂದು ಒಂದು ಅಂಗಿ ಇತ್ತು. ನಾನು ತೊಡದೆ ಇದ್ದದ್ದಕ್ಕೆ ಅದೂ ಹೋಯಿತು.

ಮನುಷ್ಯರಿಗೂ ಇದೇ ಕಾಯಿದೆ. ಪೋಸ್ಟ್ ಮಾಸ್ತರರಾಗಿದ್ದ ಗುಂಡೂರಾಯರು ನಿವೃತ್ತರಾಗಿ, ಹಾರ ಹಾಕಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತರು. ಮೊಣಕಾಲು ಅದುರತೊಡಗಿತು. ಹೆಂಡತಿ ಒಳಗಿನಿಂದ ಚಹಾ ತರುವಷ್ಟರಲ್ಲಿ ಚಪ್ಪಲಿ ಮೆಟ್ಟಿ ರಸ್ತೆಗಿಳಿದಿದ್ದರು. ಹೊರಟವರನ್ನು ಹಿಡಿಯಬಾರದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ತಾಯಿ ತಡೆಯಲಾರದೆ ಅವರ ಧೋತರ ಹಿಡಿದುಕೊಂಡರು, ಊರಾಚೆಯ ಶೇಂಗಾ ಹೊಲದ ತನಕ ಎಳೆಸಿಕೊಂಡು ಹೋದರು. ಆಮೇಲೆ ಯಾರೋ ಲಾರಿಯವರು ರಾಯರನ್ನು ಎಲ್ಲೋ ದೂರದ ಹೆದ್ದಾರಿಯಲ್ಲಿ ಕಂಡರಂತೆ. ಇವರು ಕೈ ಮಾಡಿದ್ದಕ್ಕೆ ಅವರೂ ಕೈ ಮಾಡಿದರಂತೆ, ಕಾಲು ಮಾತ್ರ ನಿಲ್ಲಲಿಲ್ಲವಂತೆ. ಅಂದಿನಿಂದ ನಮ್ಮಲ್ಲಿ ನಿವೃತ್ತರಿಗೆ ಹಾರದ ಜೊತೆ ಒಂದು ಕೆಲಸವನ್ನೂ ಕೊಡುತ್ತಾರೆ. ಹಳೆಯ ತಹಶೀಲ್ದಾರರೊಬ್ಬರು ಕೆರೆಯ ಏರಿಯ ಮೇಲೆ ಕುಳಿತು, ಕೇಳಿದವರಿಗೆ ಟೈಮು ಹೇಳುತ್ತಾರೆ. ಕೇಳಲು ಹೋಗುವವರು ತಮ್ಮ ಕೈಗಡಿಯಾರವನ್ನು ತೋಳಿನೊಳಕ್ಕೆ ಸರಿಸಿಕೊಂಡು ಹೋಗಬೇಕು. ತಹಶೀಲ್ದಾರರ ಕಾಲಿಗೆ ಅನುಮಾನ ಬರಬಾರದು.

ನಮ್ಮಕ್ಕ ಶಿವಗಂಗಾ ಊರಿನ ಬಸ್ ಸ್ಟ್ಯಾಂಡಿನ ದನಿಯಾಗಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ನನ್ನ ಜೊತೆಯಲ್ಲೇ ಇದ್ದಾಳೆ. ಎರಡು ತಾಟಿನ ಮನೆ ನಮ್ಮದು. ನಮ್ಮಲ್ಲಿಗೆ ಬರುವ ಬಸ್ಸುಗಳಿಗೂ ವೇಳಾಪಟ್ಟಿಗೂ ಮಾತಿಲ್ಲ, ಹೀಗಾಗಿ ಯಾವುದು ಬಂತು, ಯಾವುದು ಹೊರಟಿತು ಎಂಬುದನ್ನು ಕಿಟಕಿಯಿಂದ ಕಣ್ಣಾರೆ ನೋಡಿ ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಬರೀ ಊರ ಹೆಸರು ಹೇಳಿ ಬಿಡುವವಳಲ್ಲ. "ಮೂರಬಾವಿಗೆ ಹೋಗೂ ಬಸ್ ಬಂದೈತಿ. ಡ್ರೈವರ್ ಹೊಸಬ ಅದಾನ, ಬಸರ ಹೆಣ್ಮಕ್ಕಳು ಹಿಂದಿನ ಸೀಟಿಗೆ ಕುಂದರಬ್ಯಾಡ್ರಿ" ಎನ್ನುತ್ತಿದ್ದಳು. ಜನ ಬಸ್ಸಿಗಿಂತ ಅವಳ ಮಾತಿಗೆ ಕಾಯುತ್ತಿದ್ದರು.

ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಶಹರದ ಆಸ್ಪತ್ರೆಯಲ್ಲಿ ಗಂಟಿನ ಜೊತೆ ದನಿಯ ಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಅವಳು ಮನೆಗೆ ಬಂದ ದಿನ ಊಟಕ್ಕೆ ಕೂತಾಗಲೇ ನಾನು ಕಂಡೆ: ಅವಳ ಕಾಲಿನ ಹೆಬ್ಬೆರಳು ತಾನಾಗಿ ನೆಲ ಕೆರೆಯುತ್ತಿತ್ತು. ನಾನೂ ನೋಡಲಿಲ್ಲವೆಂಬಂತೆ ರೊಟ್ಟಿ ಮುರಿದೆ, ಅವಳೂ ನಾನು ನೋಡಲಿಲ್ಲವೆಂಬಂತೆ ಪಲ್ಯ ಬಡಿಸಿದಳು. ಕೆಲವು ದಿನಗಳಲ್ಲಿ ಪಾದ ಅದುರತೊಡಗಿತು, ಆಮೇಲೆ ಪಡಸಾಲೆಯಲ್ಲಿ ಸುತ್ತು, ಆಮೇಲೆ ಅಂಗಳದಲ್ಲಿ ಸುತ್ತು. ನಾನು ಕೆಲಸಗಳನ್ನು ಕೊಟ್ಟು ನೋಡಿದೆ. ಅಕ್ಕಿಯಲ್ಲಿ ಕಲ್ಲು ಬೆರೆಸಿ ಆರಿಸಲು ಕೊಟ್ಟೆ. ಅಕ್ಕ ಕಲ್ಲನ್ನೆಲ್ಲ ಆರಿಸಿ ನನ್ನ ತಾಟಿಗೆ ಹಾಕಿ, ಎದ್ದು ಮತ್ತೆ ಸುತ್ತತೊಡಗಿದಳು.

ಒಂದು ಸಂಜೆ ಸ್ಟ್ಯಾಂಡಿನ ಕಂಟ್ರೋಲರ್ ಯಲಗೂರಪ್ಪ ಬಂದರು. ಅವರು ಒಳ್ಳೆಯವರು. ಕೆಟ್ಟ ಸುದ್ದಿ ಹೇಳುವಾಗ ಕಟ್ಟೆಯ ತುದಿಯಲ್ಲಿ ಮಾತ್ರ ಕೂರುತ್ತಾರೆ.

"ಅಕ್ಕಾರ, ಬರೂ ಸೋಮವಾರ ಹೆಡ್ಡಾಫೀಸಿನಿಂದ ಒಂದ ಪೆಟ್ಟಿಗಿ ಬರ್ತೈತ್ರಿ," ಅಂದರು. "ಅದ ಮಾತಾಡ್ತೈತಂತ. ನಾ ಬ್ಯಾಡ ಅಂದ್ನಿ. ಯಾರ ಕೇಳ್ತಾರ್ರಿ ನನ್ನ ಮಾತು?"

ಅಕ್ಕ ಅವರ ಮುಂದಿನಿಂದ ಹಾದುಹೋದಳು, ಸುತ್ತಿ ಬಂದು ಮತ್ತೆ ಹಾದುಹೋದಳು.

"ಮೈಕ್ ಇನ್ನೂ ಅಕ್ಕಾರ ಸಲುವಾಗಿ ಹಿಡಕೊಂಡ ಕುಂತೀನಿ," ಅಂದರು ಯಲಗೂರಪ್ಪ. "ಹಿಡಕೊಂಡ ಕುಂತೀನಿ ಅಂದ್ರ ಖರೇವಂದ್ರೂ ಹಿಡಕೊಂಡ ಕುಂತೀನ್ರಿ. ಬಿಟ್ರ ಓಡ್ತೈತಿ. ಅಕ್ಕಾರು ಸೋಮವಾರ ಹೆಂಗರ ಮಾಡಿ ಒಂದ ಸಲ ಮಾತಾಡಿ ತೋರಿಸ್ರಿ, ಪೆಟ್ಟಿಗಿ ತಿರುಗಿ ಕಳಸ್ತೀನಿ. ಇಲ್ಲಾಂದ್ರ..."

ಇಲ್ಲದಿದ್ದರೆ ಏನೆಂದು ಅವರು ಹೇಳಲಿಲ್ಲ. ಅಕ್ಕನ ಕಾಲು ಹೇಳುತ್ತಿತ್ತು.

ಹುಡುಗಿಯರ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಮೆಹರುನ್ನೀಸಾ ಮೇಡಂ ಬಳಿ ನಾನು ಹೋದೆ. ಅವರು ಪರ ಊರಿನಿಂದ ಸೊಸೆಯಾಗಿ ಬಂದವರು, ಎಲ್ಲದಕ್ಕೂ ಮೊದಲು ಗದರಿ ಆಮೇಲೆ ಸಹಾಯ ಮಾಡುವವರು. ಶಾಲೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪನ್ನು ಆಡಿನ ಹಗ್ಗದಿಂದ ಕಿಟಕಿಯ ಸರಳಿಗೆ ಕಟ್ಟಿಹಾಕಿದ್ದರು. ಮೇಡಂ ಅದನ್ನು ಹಗ್ಗದ ಸಮೇತ ನಮ್ಮ ಮನೆಗೆ ತಂದರು. ಅದರ ಸ್ವಂತ ಗಂಟಲು ಎಂದೋ ಹರಿದಿತ್ತಾದ್ದರಿಂದ ಮುಷ್ಟಿ ಗಾತ್ರದ ಒಂದು ಸ್ಪೀಕರನ್ನು ವೈರಿನಿಂದ ಸಿಕ್ಕಿಸಿ, ಟೈಪು ಮಾಡಿದ್ದನ್ನು ಓದಿ ಹೇಳುವ ವ್ಯವಸ್ಥೆ ಮಾಡಿಕೊಟ್ಟರು. ಅಕ್ಕ ಎರಡು ಬೆರಳಿನಲ್ಲಿ ಮೆಲ್ಲಗೆ ಕುಟ್ಟಿದಳು. ಸ್ಪೀಕರ್ ಗಂಟಲು ಸರಿಮಾಡಿಕೊಂಡು, ನೆಗಡಿಯಾದ ಗುಮಾಸ್ತನ ದನಿಯಲ್ಲಿ ಹೇಳಿತು:

"ಫಕೀರ್ಯಾ, ಆ ಅಂಗಿ ಯಾರದಲೇ?"

ನಾನು ಅತ್ತುಬಿಟ್ಟೆ. ಅಂಗಿ ಪರ ಊರಿಗೆ ಹೋಗಿದ್ದ ವಕೀಲರೊಬ್ಬರದಾಗಿತ್ತು. ಅದರ ತೋಳಿನಿಂದ ಕಣ್ಣೊರೆಸಿಕೊಂಡು ಕೆಳಗೆ ನೋಡಿದೆ. ಅಕ್ಕನ ಪಾದಗಳೆರಡೂ ನೆಲದ ಮೇಲೆ ಸುಮ್ಮನೆ ಕೂತಿದ್ದವು.

ಎರಡನೆಯ ಮಾತು ಬರಲಿಲ್ಲ. ಲ್ಯಾಪ್‌ಟಾಪು ಮೈ ನಡುಗಿಸಿತು. ಹಗ್ಗ ಬಿಚ್ಚಿದ್ದೆವಲ್ಲ, ಮುಚ್ಚಳ ತೆರೆದು ಮುಚ್ಚಿ, ತೆರೆದು ಮುಚ್ಚಿ, ಅಕ್ಕನ ಬೆರಳ ಕೆಳಗಿನಿಂದಲೇ ಜಿಗಿದು, ಸ್ಪೀಕರನ್ನು ಬಾಲದಂತೆ ಎಳೆದುಕೊಂಡು ಹೊಸ್ತಿಲು ದಾಟಿತು. ಪಕ್ಕದ ಮನೆಯ ಟೇಲರ್ ನಾಗೋಜಿ ತನ್ನ ಅಂಗಡಿ ಮುಂದೆ ಅದನ್ನು ಗಜಕಡ್ಡಿ ಅಡ್ಡ ಹಾಕಿ ಹಿಡಿದ.

"ಇದನ್ನ ಬಳಸಾಕತ್ತಿದ್ವಲ್ಲ ಮೇಡಂ, ಯಾಕ ಓಡ್ತು?" ಅಂದೆ.

"ನೀವು ಬಳಸಿದ್ದು ಇದರಾಗಿಂದು ಒಂದ ಚೂರ ಅಷ್ಟ," ಅಂದರು ಮೇಡಂ. "ಇದರ ಹೊಟ್ಟ್ಯಾಗ ಕರ್ನಲ್ ಅಂತ ಒಂದ ಇರ್ತೈತಿ. ಕೀಲಿಮಣೆ ಒತ್ತಿದ್ದು ಪರದೆಗೆ ಮುಟ್ಟಸೂದು, ಮಾತು ಸ್ಪೀಕರಿಗೆ ಮುಟ್ಟಸೂದು, ಎಲ್ಲಾ ಯಜಮಾನಕಿ ಅದರದ. ಇದನ್ನ ಮಾಡಿದವರಿಗೆ ಇದು ಯಾರ ಮನಿಗೆ ಹೋಗ್ತೈತಿ ಅಂತ ಗೊತ್ತಿಲ್ಲ. ಹಂಗಾಗಿ ಜಗತ್ತಿನ್ಯಾಗ ಎಷ್ಟ ನಮೂನಿ ಯಂತ್ರ ಅದಾವೋ ಅಷ್ಟಕ್ಕೂ ಬೇಕಾದ್ದನ್ನ ತುಂಬಿ ಕಳಸ್ಯಾರ. ಬ್ಯಾರೆ ಊರಾಗ ಅವು ಒಳಗ ಮಲ್ಕೊಂಡಿರ್ತಾವ."

ಬೇರೆ ಊರುಗಳಲ್ಲಿ ಮಲಗಿರಬಹುದು. ನಮ್ಮೂರಲ್ಲಿ ಯಾವುದೂ ಮಲಗುವುದಿಲ್ಲ.

ನಾನು ಕಸುಬುದಾರ. ಒಳಗಿರುವುದನ್ನೆಲ್ಲ ಬಳಸಿಬಿಟ್ಟರಾಯಿತಲ್ಲ ಎಂದುಕೊಂಡೆ. ಮರುದಿನ ಊರೆಲ್ಲ ತಿರುಗಿ, ವೈರು ಇರುವ ಸಾಮಾನೆಂದರೆ ಸಾಕು, ಕೇಳಿ ತಂದೆ. ಪಂಚಾಯ್ತಿಯ ಪ್ರಿಂಟರು ಸಿಕ್ಕಿಸಿದೆ, ಫೋಟೋ ಸ್ಟುಡಿಯೋದ ಕ್ಯಾಮೆರಾ ಸಿಕ್ಕಿಸಿದೆ, ವಿಡಿಯೋ ಗೇಮಿನ ಕೋಲು ಸಿಕ್ಕಿಸಿದೆ, ಬ್ಯಾಂಕಿನವರ ಹೆಬ್ಬೆಟ್ಟು ಓದುವ ಯಂತ್ರ ಸಿಕ್ಕಿಸಿ ಹತ್ತೂ ಬೆರಳು ಒತ್ತಿದೆ. ಒಂದನ್ನು ಬಳಸುವಾಗ ಇನ್ನೊಂದು ಬೇಸರಪಟ್ಟುಕೊಳ್ಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪು ಇವನ್ನೆಲ್ಲ ಹಿಂದೆ ಕಟ್ಟಿಕೊಂಡು ಗೂಡ್ಸ್ ಗಾಡಿಯಂತೆ ಓಣಿಯಲ್ಲಿ ಹೊರಟಿತು. ಪ್ರಿಂಟರು ದಾರಿಯುದ್ದಕ್ಕೂ ಕಾಗದ ಉಗುಳುತ್ತಿತ್ತು. ಅಕ್ಕನೂ ಅದರ ಹಿಂದೆ ಹೊರಟಳು, ಹಿಡಿಯಲಿಕ್ಕಲ್ಲ, ಸುಮ್ಮನೆ ಅವಳ ಕಾಲಿಗೂ ಅದೇ ದಾರಿ ಹಿಡಿಸಿತ್ತು. ಇಬ್ಬರನ್ನೂ ಹಳ್ಳದ ಸೇತುವೆಯ ಹತ್ತಿರ ಒಂದೇ ಆಟೋದಲ್ಲಿ ಹಾಕಿಕೊಂಡು ಬಂದೆ. ಅಕ್ಕ ಮೊದಲ ಸಲ ಸೇತುವೆ ಮುಟ್ಟಿದ್ದಳು.

ಅಂದು ಮೇಡಂ ತಲೆ ಮೇಲೆ ಸೆರಗು ಬಿಗಿದುಕೊಂಡು ಕೂತರು. "ಇದರ ಕರ್ನಲ್ ನಾವ ಕಟ್ಟೂಣು. ಈ ಲ್ಯಾಪ್‌ಟಾಪಿಗೆ, ಅಕ್ಕಾರಿಗೆ, ಎಷ್ಟ ಬೇಕೋ ಅಷ್ಟ. ಅದು ಒಂದೊಂದ ಕೇಳ್ತೈತಿ. ಬೇಕು, ಬ್ಯಾಡ, ಅಷ್ಟ ಹೇಳ್ರಿ."

ಹೀಗೆ ನಮ್ಮ ಪಡಸಾಲೆಯಲ್ಲಿ ಪ್ರಶ್ನೆಗಳು ಶುರುವಾದವು. ಲ್ಯಾಪ್‌ಟಾಪನ್ನು ಮೇಜಿಗೆ ಕಟ್ಟಿದ್ದೆವು. ಮೇಡಂ ಓದುತ್ತಿದ್ದರು, ನಾನು ಉತ್ತರ ಕೊಡುತ್ತಿದ್ದೆ, ಅಕ್ಕ ನಮ್ಮನ್ನೂ ಮೇಜನ್ನೂ ಸುತ್ತುತ್ತಿದ್ದಳು, ನಾಗೋಜಿ ಕಿಟಕಿಯಲ್ಲಿ ತಲೆ ಇಟ್ಟಿದ್ದ.

"ಟಿವಿ ಹಿಡಿಯೋ ಕಾರ್ಡು?"

"ಬ್ಯಾಡ್ರಿ."

"ಹಳೇ ಕಾಲದ ಟೇಪು?"

"ಬ್ಯಾಡ್ರಿ."

"ಹಡಗಿನ ಮ್ಯಾಲಿನ ರೇಡಿಯೋ?"

"ಮೇಡಂ, ನಮ್ಮೂರಾಗಿರೂದು ಒಂದ ಕೆರಿ. ಅದರಾಗ ಒಂದ ದೋಣಿ ಇತ್ತು. ನೀರು ಬತ್ತಿದ ಮ್ಯಾಲ ಅದು ನಡಕೊಂತ ಹೋತು."

"ಬೇಕೋ ಬ್ಯಾಡೋ ಅಷ್ಟ ಹೇಳ್ರಿ ಅಂದ್ನಿ."

"ಬ್ಯಾಡ್ರಿ."

"ಒಂದಕ್ಕಿಂತ ಹೆಚ್ಚು ಮಿದುಳಿದ್ರ ಅವು ಜಗಳ ಆಡದಂಗ ನೋಡ್ಕೊಳ್ಳೂದು?"

"ಇದಕ್ಕೆಷ್ಟ ಅದಾವು?"

"ಒಂದ."

"ನನಗೂ ಒಂದ ಐತಿ, ನಡದೈತಿ. ಬ್ಯಾಡ್ರಿ."

"ನಿಮ್ಮದು ನಡದೈತೋ ಇಲ್ಲೋ ಅಕ್ಕಾರ ಹೇಳಬೇಕು," ಅಂದ ನಾಗೋಜಿ ಕಿಟಕಿಯಿಂದ. ಅಕ್ಕ ಸುತ್ತುತ್ತಾ ಬಂದವಳು ನನ್ನ ತಲೆಗೆ ಮೊಟಕಿ ಮುಂದೆ ಹೋದಳು.

ಒಂದೊಂದು 'ಬ್ಯಾಡ'ಕ್ಕೂ ಲ್ಯಾಪ್‌ಟಾಪಿನ ನಡುಕ ಕೂದಲೆಳೆಯಷ್ಟು ಇಳಿದಂತೆ ನನಗೆ ಕಂಡಿತು. ಆದರೆ ಪ್ರಶ್ನೆಗಳು ಮುಗಿಯುವ ಲಕ್ಷಣವಿರಲಿಲ್ಲ. ಒಂದಕ್ಕೆ ಬೇಡವೆಂದರೆ ಅದರ ಸೋದರತ್ತೆಯಂಥದೊಂದು ಬರುತ್ತಿತ್ತು. ನಾವು ಎಷ್ಟು ದೂರ ಬಂದಿದ್ದೇವೆಂದು ಕೇಳಿದ್ದಕ್ಕೆ ಮೇಡಂ, ಇನ್ನೂ ಹಜಾರದಲ್ಲೇ ಇದ್ದೇವೆ, ಮನೆಯೊಳಗೆ ಹೋಗಿಲ್ಲ ಅಂದರು. ಅಷ್ಟರಲ್ಲಿ ಶನಿವಾರವಾಗಿತ್ತು. ಅಕ್ಕನ ಸುತ್ತು ಅಗಲವಾಗುತ್ತಾ ಪಡಸಾಲೆಯಿಂದ ಓಣಿಗೆ, ಓಣಿಯಿಂದ ಊರ ಅಗಸಿ ಬಾಗಿಲಿಗೆ ಬೆಳೆದಿತ್ತು. ಒಮ್ಮೆ ಹೋದವಳು ಬಹಳ ಹೊತ್ತು ತಿರುಗಿ ಬರಲಿಲ್ಲ. ಬಂದಾಗ ಸೀರೆಯ ಅಂಚಿಗೆ ಸೇತುವೆಯ ಆಚೆ ದಡದಲ್ಲಿ ಮಾತ್ರ ಬೆಳೆಯುವ ಒಂದು ಮುಳ್ಳು ಅಂಟಿತ್ತು. ನಾನು ಬಗ್ಗಿ ಅದನ್ನು ಬಿಡಿಸುವಾಗ ಅವಳು ನನ್ನ ಭುಜ ಹಿಡಿದುಕೊಂಡಳು. ಹೆದರಿದ್ದಳು ನಮ್ಮಕ್ಕ. ಮೈಕಿನಲ್ಲಿ ಶಾಸಕರಿಗೇ ಬೈದವಳು.

ನಾನು ಒಳಗೆ ಬಂದು ಮೇಡಂಗೆ ಕೈಮುಗಿದೆ. "ಹಿಂಗ ಹಜಾರದಾಗ ಕುಂತ್ರ ಸೋಮವಾರ ಆಗಿಹೋಗ್ತೈತ್ರಿ."

ಮೇಡಂ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಒಂದ ಅಡ್ಡದಾರಿ ಐತಿ. ಒಂದ ಅಪ್ಪಣೆ ಕೊಟ್ರ, ಈ ಹೊತ್ತಿನ್ಯಾಗ ಯಾವ್ಯಾವ್ದು ಕೆಲಸಾ ಮಾಡಾಕತ್ತೈತಿ ಅಂತ ಅದ ನೋಡ್ಕೋತೈತಿ. ಅಷ್ಟನ್ನ ಇಟಗೊಂಡು ಉಳಿದದ್ದನ್ನೆಲ್ಲಾ ಒಗದಬಿಡ್ತೈತಿ."

"ಮೇಡಂ, ಈ ಅಡ್ಡದಾರಿ ಹುಡುಕಿದವರು ನಮ್ಮೂರವರ ಇರಬೇಕು."

"ಬ್ಯಾರೆ ದೇಶದವರು."

"ಅಲ್ಲೀತನಕಾ ನಮ್ಮವರು ಯಾರರ ನಡಕೊಂತ ಹೋಗಿರ್ತಾರ."

ಮೇಡಂ ಅಪ್ಪಣೆಯನ್ನು ಟೈಪು ಮಾಡಿ, ಬೆರಳನ್ನು ಗುಂಡಿಯ ಮೇಲೆ ಎತ್ತಿ ಹಿಡಿದು ಕೇಳಿದರು: "ಫಕೀರಪ್ಪನವರ, ಸರಿಯಾಗಿ ನೋಡ್ರಿ. ಎಲ್ಲಾ ಬಳಕಿಯೊಳಗ ಐತಿಲ್ರಿ? ಅಕ್ಕಾರಿಗೆ ಬೇಕಾದ್ದು ಒಂದೂ ಸುಮ್ನ ಕುಂತಿಲ್ಲಲ್ಲ?"

ನಾನು ಕಸುಬುದಾರನ ಕಣ್ಣಿನಿಂದ ಮೇಜನ್ನು ಈ ತುದಿಯಿಂದ ಆ ತುದಿಗೆ ನೋಡಿದೆ. ಪರದೆ ಉರಿಯುತ್ತಿತ್ತು. ಕೀಲಿಮಣೆ ಮೇಡಂ ಕೈಯಲ್ಲಿತ್ತು. ಚಾರ್ಜರು ಕಾದಿತ್ತು. "ಸುಮ್ನ ಕುಂತದ್ದು ಒಂದೂ ಇಲ್ರಿ," ಅಂದೆ. ಅದು ನಿಜವಾಗಿತ್ತು.

ಮೇಡಂ ಗುಂಡಿ ಒತ್ತಿದರು. ಕರ್ನಲ್ ಕಟ್ಟುವ ಕೆಲಸ ಆ ಹಗಲೆಲ್ಲ ನಡೆದು ಮರುದಿನವೂ ನಡೆಯಿತು. ಲ್ಯಾಪ್‌ಟಾಪು ಹೆರಿಗೆಯ ಎಮ್ಮೆಯಂತೆ ಬುಸುಗುಡುತ್ತಾ, ಹೊಟ್ಟೆಯ ಕೆಳಗೆ ಬಿಸಿ ಗಾಳಿ ಬಿಡುತ್ತಾ ಬಿದ್ದುಕೊಂಡಿತ್ತು. ರವಿವಾರ ಮಧ್ಯಾಹ್ನ ಎಲ್ಲ ಮುಗಿದಾಗ ಮೇಡಂ, "ಹಳೇ ಕರ್ನಲ್ ಒಂದ ಕಡಿ ಇಟಗೊಂಡಿರೂಣು. ಹೊಸದು ಎಡವಿದ್ರ ಹಳೇದನ್ನ ಹಿಡಕೊಂಡ ಏಳಬಹುದು," ಅಂದರು.

"ಬಳಸಲಾರದ್ದನ್ನ ಇಟಗೊಳ್ಳೂದು?" ಅಂದೆ ನಾನು. "ಮೇಡಂ, ನೀವು ನಮ್ಮೂರಿಗೆ ಬಂದು ಇಷ್ಟ ದಿನಾ ಆತು."

"ಎಲ್ಲಾ ಊರಾಗೂ ಇಟಗೋತಾರ್ರೀ!"

"ಅದು ಒಳಗ ಕುಂತು ಒದೆಯಾಕ ಶುರು ಮಾಡಿದ್ರ?"

ಒದೆಯತೊಡಗಿಯೇ ಬಿಟ್ಟಿತ್ತು. ಹಗ್ಗ ಕಿರ್ರೆನ್ನುತ್ತಿತ್ತು. ಮೇಡಂ ಬೈದುಕೊಳ್ಳುತ್ತಾ ಹಳೆಯದನ್ನು ಅಳಿಸಿದರು. ಕಟ್ಟಲು ತಂದ ಸಾಮಗ್ರಿಯನ್ನೂ ಅಳಿಸಿದರು. ಆಮೇಲೆ ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿದರು. ನಾನು ಆಡಿನ ಹಗ್ಗ ಬಿಚ್ಚಿದೆ.

ಅದು ಅಲುಗಲಿಲ್ಲ.

ನಮ್ಮೂರಿನವರು ಅಂಥದನ್ನು ನೋಡಿರಲಿಲ್ಲ. ನಮ್ಮಲ್ಲಿ ತೀರ ಬಳಕೆಯ ಚಮಚ ಕೂಡ ಊಟ ಊಟಗಳ ನಡುವೆ ಒಮ್ಮೆ ಮಗ್ಗುಲು ಬದಲಿಸುತ್ತದೆ. ಇದು ಮಾತ್ರ ಕಲ್ಲಿನಂತೆ ಕೂತಿತು. ಓಣಿಯ ಹೆಂಗಸರು ಕೂಸುಗಳನ್ನು ಎತ್ತಿ ತೋರಿಸಿದರು. ಒಬ್ಬರು ಊದಿನಕಡ್ಡಿ ಹಚ್ಚಲು ಬಂದದ್ದನ್ನು ಮೇಡಂ ಗದರಿ ಕಳಿಸಿದರು. ಅಕ್ಕ ಅದರ ಎದುರು ಕೂತು, ಅದುರುವ ತನ್ನ ಮೊಣಕಾಲುಗಳನ್ನು ಎರಡೂ ಕೈಗಳಿಂದ ಒತ್ತಿ ಹಿಡಿದು, ಹೊಟ್ಟೆಕಿಚ್ಚಿನಿಂದ ಅದನ್ನೇ ನೋಡುತ್ತಿದ್ದಳು. ಇಷ್ಟು ಗದ್ದಲದಲ್ಲಿ ಅದನ್ನು ಮಾತಾಡಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗುವಾಗ ನಾನು ನಾಗೋಜಿಯ ಅಂಗಡಿಯಿಂದ ಸ್ಪೀಕರ್ ಇಸಿದುಕೊಂಡೆ. ಪ್ರಶ್ನೆಗಳ ಕಾಲದಲ್ಲಿ ಅಕ್ಕ ಮಾತಾಡುತ್ತಿರಲಿಲ್ಲವಾದ್ದರಿಂದ ಅದು ಮೇಜಿನ ಮೇಲೆ ಕುಣಿಯತೊಡಗಿತ್ತು. ಕಸುಬಿನ ರೂಢಿಯಂತೆ ನಾನು ಅದನ್ನು ಶುಕ್ರವಾರವೇ ನಾಗೋಜಿಗೆ ಬಳಸಲು ಕೊಟ್ಟಿದ್ದೆ. ಅವನು ಹೊಲಿಯುತ್ತಾ ಅದರಲ್ಲಿ ಭಜನೆ ಕೇಳಿದ್ದ. ಸ್ಪೀಕರ್ ದುಂಡಗೆ, ಸಂತೋಷವಾಗಿತ್ತು.

ಸ್ಟ್ಯಾಂಡಿನಲ್ಲಿ ಹೆಡ್ಡಾಫೀಸಿನ ಪೆಟ್ಟಿಗೆ ಬಂದು ಗೋಡೆಗೆ ಸ್ಕ್ರೂ ಆಗಿತ್ತು. ಯಲಗೂರಪ್ಪ ಅದರ ಗುಂಡಿ ಒತ್ತದೆ, ಅಕ್ಕನ ಸಲುವಾಗಿ ಕಾಯುತ್ತಿದ್ದರು. ಅಕ್ಕ ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ಮೈಕು ಅವಳನ್ನು ಕಂಡು ಸುಮ್ಮನಾಯಿತು. ಕಿಟಕಿಯಾಚೆ ಒಂದು ಬಸ್ಸು ಬಂದು ನಿಂತಿತು. ಅಕ್ಕ ಅದನ್ನು ನೋಡಿ, ಡ್ರೈವರನ ಮುಖ ನೋಡಿ, ಟೈಪು ಮಾಡಿದಳು. ಬಹಳ ಹೊತ್ತು ಮಾಡಿದಳು. ಇಷ್ಟು ದಿನದ ಮಾತೆಲ್ಲ ಅದರಲ್ಲಿತ್ತು. ಮುಗಿಸಿ, ಸ್ಪೀಕರನ್ನು ಮೈಕಿನ ಬಾಯಿಗೆ ಹಿಡಿದಳು.

ಏನೂ ಬರಲಿಲ್ಲ.

ಮತ್ತೆ ಒತ್ತಿದಳು. ನಾನು ವೈರು ತೆಗೆದು ಊದಿ ಹಾಕಿದೆ. ಯಲಗೂರಪ್ಪ ಸ್ಪೀಕರನ್ನು ಕಿವಿಗೆ ಹಿಡಿದು, ಒಳಗೆ ಯಾರಾದರೂ ಇದ್ದಾರೇನೋ ಎಂಬಂತೆ ಬೆರಳಿನಿಂದ ತಟ್ಟಿದರು. ಶಾಲೆಗೆ ಹೋಗುತ್ತಿದ್ದ ಮೇಡಂ ನಮ್ಮನ್ನು ಕಂಡು ಒಳಗೆ ಬಂದು, ನಿಂತಲ್ಲೇ ಅದೇನೋ ಟೈಪು ಮಾಡಿ ನೋಡಿದರು.

"ಫಕೀರಪ್ಪನವರ," ಅಂದರು, ದನಿ ತಗ್ಗಿಸಿ. "ಇದರ ಕರ್ನಲ್‌ನ್ಯಾಗ ದನಿ ಅನ್ನೂದ ಇಲ್ಲ, ಬಳಕಿಯೊಳಗಿಲ್ಲಂತ ಒಗದೈತಿ. ನಾ ಕೇಳಿದಾಗ ಈ ಸ್ಪೀಕರ್ ಎಲ್ಲಿತ್ತು?"

"ನಾಗೋಜಿ ಕಡೆ ಇತ್ರಿ."

"ಸುಮ್ನ ಕುಂತದ್ದು ಒಂದೂ ಇಲ್ಲಂದ್ರಲ್ಲ?"

"ಸುಮ್ನ ಕುಂತಿರ್ಲಿಲ್ರಿ. ಭಜನಿ ಮಾಡಾಕತ್ತಿತ್ತು."

ಮೇಡಂ ಹಣೆಗೆ ಕೈ ಹಚ್ಚಿದರು. ಹಳೆಯದನ್ನು ಹಿಡಿದು ಏಳೋಣವೆಂದರೆ ಹಳೆಯದಿಲ್ಲ, ಹೊಸದನ್ನು ಕಟ್ಟೋಣವೆಂದರೆ ಎರಡು ಹಗಲು ಬೇಕು. ಹೊರಗೆ ಜನ ಯಾವ ಬಸ್ಸೆಂದು ತಿಳಿಯದೆ ಕೂಗತೊಡಗಿದ್ದರು. ಯಲಗೂರಪ್ಪ ಅಕ್ಕನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ, "ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ," ಅಂದು ಪೆಟ್ಟಿಗೆಯ ಗುಂಡಿ ಒತ್ತಿದರು. ಒಂದು ಎಳೆಯ ಹೆಣ್ಣಿನ ಸಕ್ಕರೆಯಂಥ ದನಿ ಸ್ಟ್ಯಾಂಡೆಲ್ಲ ತುಂಬಿತು: "ಪ್ರಯಾಣಿಕರ ಗಮನಕ್ಕೆ."

ಅಕ್ಕ ಕುರ್ಚಿಯಿಂದ ಎದ್ದಳು. ತಾನಾಗಿ ಏಳಲಿಲ್ಲ, ಕಾಲುಗಳು ಎಬ್ಬಿಸಿದವು. ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು, ಬಾಗಿಲು ದಾಟಿ, ಬಸ್ಸು ನಿಲ್ಲುವ ಫಲಾಟಿನ ಗುಂಟ ಗೇಟಿನ ಕಡೆ ನಡೆದಳು. ಇದು ಸುತ್ತುವ ನಡಿಗೆ ಅಲ್ಲವೆಂದು ನನಗೆ ಹಿಂದಿನಿಂದಲೇ ತಿಳಿಯಿತು. ಗುಂಡೂರಾಯರದು ಹೇಗಿತ್ತೋ ಹಾಗೆಯೇ, ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಹೆಜ್ಜೆ ಕಡಿಮೆಯಿಲ್ಲ. ಜನ ಬೇಗಬೇಗ ಸರಿದು ದಾರಿ ಬಿಟ್ಟರು. ಕೆಲವರು ತಲೆಯ ಟೊಪ್ಪಿಗೆ ತೆಗೆದರು.

ಹಿಡಿಯಬಾರದೆಂದು ಗೊತ್ತಿದ್ದೂ ನಾನು ಅವಳ ಸೆರಗು ಹಿಡಿದೆ. ಮೊದಲ ಎಳೆತಕ್ಕೆ ನನ್ನ ಎಡಗಾಲ ಚಪ್ಪಲಿ ಹೋಯಿತು.

"ಅಕ್ಕಾ, ನಿಂದರ! ನಾ ಇನ್ನೊಮ್ಮೆ ಕಟ್ಟಸ್ತೀನಿ. ನಾಡಿದ್ದು ದನಿ ಬರ್ತೈತಿ. ಅಕ್ಕಾ!"

ಅವಳು ತಿರುಗಿ ನೋಡಿದಳು. ಕಣ್ಣುಗಳು ನಿಲ್ಲುತ್ತೇನೆಂದವು, ಕಾಲು ಕೇಳಲಿಲ್ಲ. ನಮ್ಮ ಹಿಂದೆ ಪೆಟ್ಟಿಗೆ ವೇಳಾಪಟ್ಟಿಯ ಪ್ರಕಾರ ಮೂರಬಾವಿ ಬಸ್ಸು ಹೊರಡಲಿದೆ ಎನ್ನುತ್ತಿತ್ತು. ನಿಂತದ್ದು ಬೇರೆ ಯಾವುದೋ ಬಸ್ಸು. ಜನ ಅದಕ್ಕೆ ಹತ್ತಿ, ಕಂಡಕ್ಟರನ ಹತ್ತಿರ ಬೈಸಿಕೊಂಡು, ಇಳಿದು, ಮತ್ತೊಂದಕ್ಕೆ ಓಡಿದರು. ನಾನು ಎಳೆಸಿಕೊಳ್ಳುತ್ತಲೇ ಪೆಟ್ಟಿಗೆಯ ದನಿಯಲ್ಲಿ ಒಂದು ನಡುಕ ಕೇಳಿಸಿಕೊಂಡೆ. ಆ ನಡುಕ ನನಗೆ ಗೊತ್ತಿದ್ದದ್ದೇ. ಹೆಡ್ಡಾಫೀಸಿನವರು ಎಲ್ಲ ಸ್ಟ್ಯಾಂಡಿಗೂ ಒಂದೇ ನಮೂನೆಯ ಪೆಟ್ಟಿಗೆ ಮಾಡಿ, ರಾಜ್ಯದಲ್ಲಿರುವಷ್ಟು ಊರುಗಳ ಹೆಸರನ್ನೂ ಅದರಲ್ಲಿ ತುಂಬಿದ್ದರು. ನಮ್ಮ ಬಸ್ಸು ಹೋಗುವುದು ಬೆರಳೆಣಿಕೆಯ ಹಳ್ಳಿಗಳಿಗೆ. ಹಿಂದೆ ಸ್ಕ್ರೂ ಉದುರುವ ಸದ್ದಾಯಿತು, ಯಲಗೂರಪ್ಪ "ಹಿಡೀರಿ ಅದನ್ನ!" ಎಂದು ಚೀರಿದರು. ನಾನೂ ಅಕ್ಕನೂ ಇನ್ನೂ ಗೇಟು ಮುಟ್ಟಿರಲಿಲ್ಲ, ಪೆಟ್ಟಿಗೆ ದಡದಡನೆ ನಮ್ಮನ್ನು ಹಿಂದೆ ಹಾಕಿ, "ಈಗ ಹೊರಡಲಿದೆ, ಈಗ ಹೊರಡಲಿದೆ" ಎನ್ನುತ್ತಾ ರಸ್ತೆಗೆ ಬಿದ್ದು, ಒಂದು ಟ್ರ್ಯಾಕ್ಟರಿನ ಹಿಂದೆ ಮಾಯವಾಯಿತು.

ಅಕ್ಕನ ಕಾಲು ಅದಕ್ಕೂ ನಿಲ್ಲಲಿಲ್ಲ. ಗೇಟಿನ ಕಂಬ ನನ್ನ ಭುಜಕ್ಕೆ ತಗುಲಿತು. ಇನ್ನು ಮುಂದೆ ರಸ್ತೆ, ಸೇತುವೆ, ಶೇಂಗಾ ಹೊಲ.

ಆಗ ಗೇಟಿನ ಹೊರಗಿನಿಂದ ಒಬ್ಬ ಮುದುಕಿ ತಲೆಯ ಮೇಲೆ ಗಂಟು ಹೊತ್ತು ಒಳಗೆ ಬರುತ್ತಿದ್ದಳು. ನಮ್ಮೂರಿನವಳಲ್ಲ, ದಾರಿ ಬಿಡಬೇಕೆಂದು ಅವಳಿಗೆ ತಿಳಿಯದು. ಅಕ್ಕನಿಗೆ ಎದುರಾಗಿ ನಿಂತು ಕೇಳಿದಳು:

"ಯವ್ವಾ, ಮೂರಬಾವಿ ಬಸ್ ಯಾವ್ದ? ಮಗಳ ಹಡದಾಳ, ಲಗೂನ ಹೇಳು."

ಅಕ್ಕನ ಹೆಜ್ಜೆ ತಡವರಿಸಿತು. ಅವಳು ಹೊರಳಿ ಸ್ಟ್ಯಾಂಡಿನ ಕಡೆ ನೋಡಿದಳು. ಅಷ್ಟರಲ್ಲಿ ಮೂರನೆಯದಾಗಿ ಬಂದು, ಪೆಟ್ಟಿಗೆ ಹೇಳದ ಜಾಗದಲ್ಲಿ ನಿಂತಿದ್ದದ್ದು ಮೂರಬಾವಿಯ ಬಸ್ಸು. ಅವಳು ಲ್ಯಾಪ್‌ಟಾಪು ತೆರೆದು, ದಪ್ಪ ಅಕ್ಷರದಲ್ಲಿ ಟೈಪು ಮಾಡಿ, ಪರದೆಯನ್ನು ಮುದುಕಿಯ ಮುಖಕ್ಕೆ ಹಿಡಿದಳು.

"ನನಗ ಓದಾಕ ಎಲ್ಲಿ ಬರಬೇಕವ್ವ," ಅಂದಳು ಮುದುಕಿ. "ಬಾಯಿಲೆ ಹೇಳು."

ಅಕ್ಕ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಮುದುಕಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಕಾಲುಗಳು ನಡೆಯುತ್ತಲೇ ಇದ್ದವು, ಆದರೆ ತಿರುಗಿದವು. ಗೇಟಿನಿಂದ ಒಳಕ್ಕೆ, ಫಲಾಟಿನ ಗುಂಟ, ಅದೇ ನಡಿಗೆಯಲ್ಲಿ ಅಕ್ಕ ಮುದುಕಿಯನ್ನು ಎಳೆದುಕೊಂಡು ಹೋದಳು. ಸೆರಗು ಬಿಡದ ನಾನೂ ಹೋದೆ. ಮುದುಕಿಯನ್ನು ಬಸ್ಸಿಗೆ ಹತ್ತಿಸಿ, ಗಂಟು ಕೊಟ್ಟು, ಮುಂದಿನ ಸೀಟಿನಿಂದ ಒಬ್ಬ ತರುಣನನ್ನು ಕಣ್ಣಿನಿಂದಲೇ ಎಬ್ಬಿಸಿ ಅವಳನ್ನು ಕೂರಿಸಿದಳು. ಕೆಳಗಿಳಿಯುವಷ್ಟರಲ್ಲಿ ಪರದೆಯ ಮೇಲಿನ 'ಮೂರಬಾವಿ' ನೋಡಿದ ಜನ ಹಿಂಡಾಗಿ ಅವಳ ಹಿಂದೆ ಬಂದಿದ್ದರು. "ಶಿವಗಂಗಕ್ಕಾ, ಹೊಸಹಳ್ಳಿದು?" "ಅಕ್ಕಾರ, ನಮ್ಮದು ಹೋತೇನು?" ಅವಳು ಟೈಪು ಮಾಡಿದಳು, ಎತ್ತಿ ಹಿಡಿದಳು, ನಡೆದಳು. ಓದಬಲ್ಲವರು ಓದಿ ಹಿಂದೆ ನಡೆದರು, ಓದಲು ಬಾರದವರ ಮಣಿಕಟ್ಟು ಹಿಡಿದಳು.

ಮಧ್ಯಾಹ್ನದ ಹೊತ್ತಿಗೆ ಯಲಗೂರಪ್ಪ ಮೈಕನ್ನು ತೊಡೆಯ ಮೇಲೆ ಹಿಡಿದುಕೊಂಡೇ ಚಹಾ ತರಿಸಿ, ಹೆಡ್ಡಾಫೀಸಿಗೆ ಫೋನು ಮಾಡಿ ಪೆಟ್ಟಿಗೆ ಹೊರಟಿತೆಂದು ತಿಳಿಸಿದರು. ಎಲ್ಲಿಗೆ ಹೊರಟಿತೆಂದು ಅವರು ಕೇಳಿದ್ದಕ್ಕೆ, ಅದು ಹೇಳಲಿಲ್ಲ ಅಂದರು. ಇಷ್ಟಕ್ಕೆಲ್ಲ ಒಂದು ಹಲಗೆ, ಒಂದು ಸೀಮೆಸುಣ್ಣ ಸಾಕಿತ್ತಲ್ಲ ಎಂದು ಒಬ್ಬ ಪರ ಊರಿನ ಪ್ರಯಾಣಿಕ ನನ್ನನ್ನು ಕೇಳಿದ. ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಹಲಗೆಯನ್ನು ಯಾರು ಹಿಡಿದುಕೊಂಡು ಕೂರಬೇಕು ಎಂದು ನಾನು ಕೇಳಿದೆ.

ಮೂರನೆಯ ದಿನ ಮೇಡಂ ಹೊಸ ಸಾಮಗ್ರಿ ತಂದರು. ನಾನು ಸ್ಪೀಕರನ್ನು ಎರಡೂ ಕೈಯಲ್ಲಿ ಹಿಡಿದು, ಭಜನೆ ಹಾಕಿಸಿ ಬಳಕೆಯಲ್ಲಿಟ್ಟುಕೊಂಡು, ಹಿಂದೆ ನಿಂತಿದ್ದೆ.

"ಅಕ್ಕಾರ, ಈ ಸಲ ದನಿ ಸೇರಿಸಿ ಕಟ್ಟೂಣು," ಅಂದರು ಮೇಡಂ. "ಎರಡ ದಿನದ ಮಾತು."

ಅಕ್ಕ ಒಂದು ಬಸ್ಸಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದವಳು ನಮ್ಮನ್ನು ಹಾದುಹೋಗುತ್ತಲೇ ಟೈಪು ಮಾಡಿ, ಪರದೆಯನ್ನು ಭುಜದ ಮೇಲಿನಿಂದ ಹಿಂದಕ್ಕೆ ತೋರಿಸಿದಳು: 'ಬ್ಯಾಡ. ದನಿ ಬಂದ್ರ ಕುಂತ ಒದರಬೇಕಾಗ್ತೈತಿ. ಈ ಕಾಲು ಈಗ ಕುಂದ್ರಂಗಿಲ್ಲ.'

ಅದೂ ನಿಜ. ಅವಳ ಕಾಲು ಈಗಲೂ ನಿಂತಿಲ್ಲ. ಮನೆಯಲ್ಲಿ ರೊಟ್ಟಿಯನ್ನು ನಡೆಯುತ್ತಲೇ ತಿನ್ನುತ್ತಾಳೆ, ನಾನು ಪಲ್ಯದ ಬೋಗುಣಿ ಹಿಡಿದು ಹಿಂದೆ ಸುತ್ತುತ್ತೇನೆ. ಸ್ಟ್ಯಾಂಡಿನಲ್ಲಿ ಜನ ಇರುವಷ್ಟು ಹೊತ್ತು ಪರವಾಗಿಲ್ಲ. ಬಸ್ಸುಗಳ ನಡುವಿನ ಬಿಡುವಿನಲ್ಲಿ ಅವಳು ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನ ತನಕ ಹೋಗುತ್ತಾಳೆ. ಕಂಬದ ಹತ್ತಿರ ಒಂದು ಕಾಲು ರಸ್ತೆಯ ಮೇಲೆ ಬೀಳುತ್ತದೆ. ನಾನು ಯಾರದೋ ಅಂಗಿ ತೊಟ್ಟು, ಎಲ್ಲಿಗಾದರೂ ಹೋಗುವವನಂತೆ ಗಂಟು ಹಿಡಿದುಕೊಂಡು, ದಿನವೂ ಆ ಕಂಬದ ಪಕ್ಕ ನಿಂತಿರುತ್ತೇನೆ.

"ಯವ್ವಾ," ಅನ್ನುತ್ತೇನೆ, "ಮೂರಬಾವಿ ಬಸ್ ಯಾವ್ದ?"

ಅವಳು ನನ್ನನ್ನು ತಲೆಯಿಂದ ಕಾಲಿನ ತನಕ ನೋಡುತ್ತಾಳೆ. ನಾನೆಂದು ಅವಳಿಗೆ ಗೊತ್ತಿದೆ, ಕಾಲಿಗೆ ಇನ್ನೂ ಗೊತ್ತಾಗಿಲ್ಲ. ಮಣಿಕಟ್ಟು ಹಿಡಿದು, ಒಳಕ್ಕೆ ಎಳೆದುಕೊಂಡು ಹೋಗುತ್ತಾಳೆ.